ಅಡ್ಡಿಗೆ ಸಿಕ್ಕ ಪ್ರೇಮಿಗಳು: ಧಾರವಾಡ ಸೀಮೆಯ ರಂಗಭೂಮಿ ಮತ್ತು ಸುಘಟಿತ ನಾಟಕ

ಒಬ್ಬರಿಗೊಬ್ಬರು ಮನಸೋತ ಹುಡುಗ ಹುಡುಗಿ, ಅವರ ಮದುವೆಗೆ ಅಡ್ಡ ನಿಂತ ಬಲಾಢ್ಯ, ಆ ಅಡ್ಡಿಯನ್ನು ಕೊನೆಯ ಅಂಕದಲ್ಲಿ ಸರಿಸಿಬಿಡುವ ಪತ್ರವೋ ಉಂಗುರವೋ ಜನ್ಮರಹಸ್ಯವೋ. ಕನ್ನಡ ರಂಗಭೂಮಿಯಲ್ಲಿ, ಅದರಲ್ಲೂ ಧಾರವಾಡ, ಗದಗ, ಬೆಳಗಾವಿ, ಬಾಗಲಕೋಟೆ ಸೀಮೆಯ ಕಂಪನಿ ನಾಟಕ ಮತ್ತು ಊರ ನಾಟಕಗಳಲ್ಲಿ ಬಹಳ ಕಾಲ ಬಾಳಿದ ಕಥಾಸೂತ್ರ ಇದು. ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿ, ಕುಂದಗೋಳದ ಗುಡಗೇರಿ, ನವಲಗುಂದ ಅಣ್ಣಿಗೇರಿಗಳ ಸುತ್ತಲಿನ ಹಳ್ಳಿಗಳು ಇಂಥ ನಾಟಕ ನೋಡುತ್ತ, ತಾವೇ ಕಲಿತು ಆಡುತ್ತ ಬಂದ ಊರುಗಳು. ಪೌರಾಣಿಕ, ಐತಿಹಾಸಿಕ, ಸಾಮಾಜಿಕ ಎಂದು ನಾಟಕದ ಬಗೆ ಬದಲಾದರೂ ಪ್ರೇಮಿಗಳ ಈ ಜೋಡಿ ರಂಗದಿಂದ ಇಳಿಯಲಿಲ್ಲ. ಅವರ ಮುಂದೆ ನಿಂತ ಅಡ್ಡಿ ಮಾತ್ರ ಕಾಲಕಾಲಕ್ಕೆ ಬೇರೆಯಾಯಿತು. ಅಡ್ಡಿಯನ್ನು ಯಾರು ಒಡ್ಡುತ್ತಾರೆ, ಯಾರು ತೆಗೆಯುತ್ತಾರೆ ಎಂಬುದನ್ನು ಗಮನಿಸಿದರೆ ಆಯಾ ಕಾಲದ ಸಮಾಜ ತನ್ನ ಬಗ್ಗೆ ಬಯಲಿನಲ್ಲಿ ಎಷ್ಟು ಹೇಳಿಕೊಳ್ಳಬಲ್ಲದಾಗಿತ್ತು ಎಂಬುದು ಕಾಣುತ್ತದೆ.

ಸುಘಟಿತ ನಾಟಕದ ಲಕ್ಷಣ

ನಾಟಕದ ಒಂದೊಂದು ಘಟನೆಯೂ ಮುಂದಿನದಕ್ಕೆ ಕಾರಣವಾಗುವಂತೆ, ಒಂದು ಮಾತೂ ಒಂದು ವಸ್ತುವೂ ವ್ಯರ್ಥವಾಗದಂತೆ ಹೆಣೆದ ರಚನೆಗೆ ಸುಘಟಿತ ನಾಟಕ ಎನ್ನುತ್ತಾರೆ. 19ನೆಯ ಶತಮಾನದ ಫ್ರಾನ್ಸಿನಲ್ಲಿ ಯುಜೀನ್ ಸ್ಕ್ರೀಬ್ (1791–1861) ಇದನ್ನು ಒಂದು ಕಸುಬಿನ ಮಟ್ಟಕ್ಕೆ ತಂದ. ಅವನ ನಂತರ ವಿಕ್ಟೋರಿಯೆನ್ ಸಾರ್ದು (1831–1908) ಅದೇ ಹಾದಿಯಲ್ಲಿ ನಡೆದ. ಪ್ರೇಕ್ಷಕರಿಗೆ ಗೊತ್ತಿದ್ದು ಪಾತ್ರಗಳಿಗೆ ಗೊತ್ತಿಲ್ಲದ ಒಂದು ಗುಟ್ಟು, ತಪ್ಪು ಕೈಗೆ ಸೇರುವ ಪತ್ರ, ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವುದು, ನಾಯಕನ ಅದೃಷ್ಟ ಒಮ್ಮೆ ಏರಿ ಒಮ್ಮೆ ಇಳಿಯುವುದು, ಎದುರಾಳಿಗಳು ಮುಖಾಮುಖಿಯಾಗಲೇಬೇಕಾದ ಒಂದು ದೃಶ್ಯ, ಆಮೇಲೆ ಎಲ್ಲ ಗಂಟುಗಳೂ ಬಿಚ್ಚಿಕೊಳ್ಳುವ ಮುಕ್ತಾಯ: ಇವು ಅದರ ಅಂಗಗಳು.

ಸ್ಕ್ರೀಬನ ‘ಒಂದು ಲೋಟ ನೀರು’ (1840) ಇದಕ್ಕೆ ಒಳ್ಳೆಯ ಮಾದರಿ. ಇಂಗ್ಲೆಂಡಿನ ರಾಣಿ ಆ್ಯನ್‌ಳ ಆಸ್ಥಾನದಲ್ಲಿ ಅಬಿಗೇಲ್ ಎಂಬ ಬಡ ಹುಡುಗಿಗೂ ಮ್ಯಾಶಮ್ ಎಂಬ ಕಾವಲುಪಡೆಯ ತರುಣನಿಗೂ ಪ್ರೀತಿ. ಆದರೆ ರಾಣಿಗೂ, ರಾಣಿಯನ್ನೇ ಹಿಡಿತದಲ್ಲಿಟ್ಟುಕೊಂಡ ಮಾರ್ಲ್‌ಬರೋದ ಡಚೆಸ್‌ಗೂ ಅದೇ ತರುಣನ ಮೇಲೆ ಗುಟ್ಟಾದ ಒಲವು. ರಾಣಿ ಎಲ್ಲರೆದುರು ಒಂದು ಲೋಟ ನೀರು ಕೇಳುವುದು ಅವನಿಗೆ ಕೊಟ್ಟ ಸಂಕೇತ. ಆ ಲೋಟದ ಸುತ್ತ ಆಸ್ಥಾನದ ರಾಜಕಾರಣವೆಲ್ಲ ಬುಡಮೇಲಾಗುತ್ತದೆ. ಬಾಲಿಂಗ್‌ಬ್ರೋಕ್ ಎಂಬ ಚತುರ ರಾಜಕಾರಣಿ ಇದನ್ನೆಲ್ಲ ತನ್ನ ಅನುಕೂಲಕ್ಕೆ ತಿರುಗಿಸಿಕೊಳ್ಳುವಾಗ ಪ್ರೇಮಿಗಳಿಗೂ ದಡ ಸಿಗುತ್ತದೆ. ಇಲ್ಲಿ ಪ್ರೇಮಿಗಳದು ಪ್ರೀತಿಸುವ ಕೆಲಸ ಮಾತ್ರ. ಅಡ್ಡಿಯನ್ನು ಒಡ್ಡುವವರೂ ತೆಗೆಯುವವರೂ ಬೇರೆಯವರು. ಗ್ರೀಕ್ ಕವಿ ಮೆನಾಂಡರ್, ರೋಮಿನ ಪ್ಲಾಟಸ್ ಬರೆದ ಪ್ರಹಸನಗಳಲ್ಲೂ ಹೀಗೆಯೇ: ಹುಡುಗ ಪರಿತಪಿಸುತ್ತಾನೆ, ಅಪ್ಪ ಗದರಿಸುತ್ತಾನೆ, ಜಾಣ ಗುಲಾಮ ಉಪಾಯ ಹೂಡುತ್ತಾನೆ.

ಈ ರಚನೆ ಫ್ರಾನ್ಸಿನಿಂದ ಹಡಗು ಹತ್ತಿ ಬಂದ ಮೇಲೆಯೇ ನಮಗೆ ತಿಳಿಯಿತು ಎಂದುಕೊಳ್ಳಬೇಕಾಗಿಲ್ಲ. ಶಾಕುಂತಲದ ಉಂಗುರ, ಮೃಚ್ಛಕಟಿಕದ ಒಡವೆ, ಭವಭೂತಿಯ ಮಾಲತೀಮಾಧವದಲ್ಲಿ ರಾಜನ ನೆಚ್ಚಿನವನಿಗೆ ಮಾಲತಿಯನ್ನು ಕೊಡಿಸಲು ನಡೆಯುವ ಒತ್ತಾಯ ಮತ್ತು ಅದನ್ನು ಮುರಿಯಲು ಕಾಮಂದಕಿ ಎಂಬ ಸಂನ್ಯಾಸಿನಿ ಹೂಡುವ ತಂತ್ರ, ಇವೆಲ್ಲ ಅದೇ ಹೆಣಿಗೆಯವು. ಕನ್ನಡದಲ್ಲಿ ಇಂದು ದೊರೆತಿರುವ ಮೊದಲ ನಾಟಕವೂ ಪ್ರೇಮದ್ದೇ: 17ನೆಯ ಶತಮಾನದ ಕೊನೆಯಲ್ಲಿ ಚಿಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯ ಶ್ರೀಹರ್ಷನ ‘ರತ್ನಾವಳಿ’ಯನ್ನು ಕೃಷ್ಣನ ಕಥೆಗೆ ಒಗ್ಗಿಸಿ ‘ಮಿತ್ರವಿಂದಾ ಗೋವಿಂದ’ ಬರೆದ.

ಹಳ್ಳಿಯ ಅಟ್ಟದ ಮೇಲೆ ಈ ಹೆಣಿಗೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಕಾಣಿಸಿದ್ದು ಚಂದ್ರಹಾಸನ ಕಥೆ ಎಂದು ಈ ಲೇಖಕನ ಎಣಿಕೆ. ಲಕ್ಷ್ಮೀಶನ ಜೈಮಿನಿ ಭಾರತದಿಂದ ಜನರ ಬಾಯಿಗೆ, ಅಲ್ಲಿಂದ ಬಯಲಾಟಕ್ಕೆ, ಮುಂದೆ ಕಂಪನಿ ನಾಟಕಕ್ಕೆ ಇಳಿದ ಕಥೆ ಅದು. ಕುಂತಳದ ಮಂತ್ರಿ ದುಷ್ಟಬುದ್ಧಿ ಅನಾಥ ತರುಣ ಚಂದ್ರಹಾಸನ ಕೈಯಲ್ಲೇ ಅವನ ಸಾವಿನ ಪತ್ರ ಕೊಟ್ಟು ತನ್ನ ಮಗ ಮದನನಲ್ಲಿಗೆ ಕಳಿಸುತ್ತಾನೆ. ಇವನಿಗೆ ವಿಷವನ್ನು ಕೊಡು ಎಂಬುದು ಒಕ್ಕಣೆ. ದಾರಿಯ ಉಪವನದಲ್ಲಿ ಅವನು ಮಲಗಿ ನಿದ್ದೆಹೋಗಿರುವಾಗ ಮಂತ್ರಿಯ ಮಗಳು ವಿಷಯೆ ಅವನನ್ನು ನೋಡಿ ಮನಸೋತು, ಪತ್ರವನ್ನು ಓದಿ, ವಿಷದ ಜಾಗದಲ್ಲಿ ತನ್ನ ಹೆಸರೇ ಬರುವಂತೆ ಅಕ್ಷರ ತಿದ್ದುತ್ತಾಳೆ. ಊರಲ್ಲಿ ಮದನ ಅಪ್ಪನ ಆಜ್ಞೆಯೆಂದು ತಂಗಿಯ ಮದುವೆಯನ್ನೇ ನಡೆಸಿಬಿಡುತ್ತಾನೆ. ಪತ್ರ, ತಪ್ಪು ತಿಳಿವಳಿಕೆ, ಪ್ರೇಕ್ಷಕರಿಗಷ್ಟೇ ಗೊತ್ತಿರುವ ಗುಟ್ಟು, ಅಪ್ಪ ಮರಳಿ ಬಂದಾಗ ನಡೆಯಲೇಬೇಕಾದ ಮುಖಾಮುಖಿ, ಎಲ್ಲವೂ ಇಲ್ಲಿವೆ. ಸ್ಕ್ರೀಬನಲ್ಲಿ ಇಲ್ಲದ ಇನ್ನೊಂದೂ ಇದೆ: ಅಡ್ಡಿಯನ್ನು ತೆಗೆದವಳು ಪ್ರೇಮಿಸಿದ ಹುಡುಗಿಯೇ. ಯಾವ ಮುದುಕನ ಉಪಕಾರವೂ ಅವಳಿಗೆ ಬೇಕಾಗಲಿಲ್ಲ. ಮುಂದೆ ನೂರು ವರ್ಷ ಕಂಪನಿ ನಾಟಕಗಳು ಸೃಷ್ಟಿಸಿದ ನಾಯಕಿಯರಲ್ಲಿ ಇಂಥ ಧೈರ್ಯದವರು ಕಡಿಮೆ.

ಉಷೆಯಿಂದ ಆರಂಭ

ಉತ್ತರ ಕರ್ನಾಟಕದ ವೃತ್ತಿ ರಂಗಭೂಮಿ ಮೊದಲಾದದ್ದೇ ಪ್ರೇಮಿಗಳ ಕಥೆಯಿಂದ. ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು (1856–1920) 1870ರ ದಶಕದಲ್ಲಿ ಗದಗಿನಲ್ಲಿ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ವನ್ನು ಆಡಿಸಿದರು. ಆಗ ಈ ಭಾಗದ ಊರೂರಿಗೆ ಬರುತ್ತಿದ್ದದ್ದು ಮರಾಠಿ ಮಂಡಳಿಗಳು. ಕನ್ನಡದ ಜನ ಕನ್ನಡದ ನೆಲದಲ್ಲಿ ಕುಳಿತು ಮರಾಠಿ ನಾಟಕಕ್ಕೆ ಮುಗಿಬೀಳುವುದನ್ನು ಕಂಡು ಶಾಂತಕವಿಗಳಿಗೆ ಆದ ಸಂಕಟವೇ ಈ ಸಾಹಸದ ಹಿಂದಿನ ಬಲ. ಆ ಮರಾಠಿ ರಂಗಭೂಮಿಗೂ ಕನ್ನಡದ ಋಣವಿತ್ತು: ಉತ್ತರ ಕನ್ನಡದ ಕರ್ಕಿಯಿಂದ ಸಾಂಗಲಿಗೆ ಹೋದ ಮೇಳದ ಆಟ ನೋಡಿದ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದ್ದು. ಧಾರವಾಡದ ಕಡೆಯವರೇ ಆದ ಚುರಮರಿ ಶೇಷಗಿರಿರಾಯರು 1870ರ ಸುಮಾರಿಗೆ ಶಾಕುಂತಲವನ್ನು ಕನ್ನಡಕ್ಕೆ ತಂದಿದ್ದರು. ಹಾಗಾಗಿ ಹೊಸ ರಂಗಭೂಮಿಯ ಹೊಸ್ತಿಲಲ್ಲೇ ಇಬ್ಬರು ನಾಯಕಿಯರು ನಿಂತಿದ್ದರು, ಶಕುಂತಲೆ ಮತ್ತು ಉಷೆ.

ಉಷೆಯ ಕಥೆ ರಂಗಕ್ಕೆ ಹೇಳಿಮಾಡಿಸಿದಂತಿದೆ. ಶೋಣಿತಪುರದ ಬಾಣಾಸುರನ ಮಗಳು ಕನಸಿನಲ್ಲಿ ಒಬ್ಬ ತರುಣನನ್ನು ಕಂಡು ಅವನ ಹೆಸರೂ ತಿಳಿಯದೆ ಹಂಬಲಿಸುತ್ತಾಳೆ. ಗೆಳತಿ ಚಿತ್ರಲೇಖೆ ದೇವ, ಗಂಧರ್ವ, ಮನುಷ್ಯರ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸುತ್ತ ಹೋಗುತ್ತಾಳೆ. ಕೃಷ್ಣನ ಮೊಮ್ಮಗ ಅನಿರುದ್ಧನ ಚಿತ್ರಕ್ಕೆ ಬಂದಾಗ ಉಷೆ ನಾಚುತ್ತಾಳೆ. ಚಿತ್ರಲೇಖೆ ದ್ವಾರಕೆಯಲ್ಲಿ ಮಲಗಿದ್ದವನನ್ನು ಮಂಚದ ಸಮೇತ ತರುತ್ತಾಳೆ. ಬಾಣನಿಗೆ ತಿಳಿದು ಅಳಿಯನಾಗಬೇಕಾದವನು ನಾಗಪಾಶದಲ್ಲಿ ಬೀಳುತ್ತಾನೆ. ಬಿಡಿಸಲು ಕೃಷ್ಣ, ಭಕ್ತನನ್ನು ಕಾಯಲು ಶಿವ, ಇಬ್ಬರೂ ಎದುರಾಗುತ್ತಾರೆ. ಬಾಣನ ಸಾವಿರ ತೋಳುಗಳಲ್ಲಿ ಹೆಚ್ಚಿನವು ಕತ್ತರಿಸಿ ಬಿದ್ದ ಮೇಲೆ ಮದುವೆ. ಶೈವರೂ ವೈಷ್ಣವರೂ ಒಂದೇ ಚಾಪೆಯ ಮೇಲೆ ಕುಳಿತು ನೋಡುವ ಈ ಸೀಮೆಯಲ್ಲಿ ಹರ ಹರಿ ಇಬ್ಬರೂ ಕಾದಾಡಿ, ಇಬ್ಬರೂ ಸೋಲದೆ, ಎರಡು ಮನೆತನ ಬೀಗರಾಗುವ ಕಥೆ ಮೆಚ್ಚುಗೆಯಾದದ್ದರಲ್ಲಿ ಆಶ್ಚರ್ಯವಿಲ್ಲ. ದೊಡ್ಡಾಟದವರೂ ಇದೇ ಕಥೆಯನ್ನು ಆಡುತ್ತಿದ್ದರು. ಶಾಂತಕವಿಗಳು ಅದನ್ನು ಬಯಲಿನಿಂದ ಪರದೆಯ ಮುಂದಕ್ಕೆ ತಂದರು. ಅಡ್ಡಿ ಇಲ್ಲಿ ಅಸುರನದು, ಅಂದರೆ ಹೊರಗಿನದು. ಪ್ರೇಕ್ಷಕ ತನ್ನ ಮನೆಯ ಕಡೆ ತಿರುಗಿ ನೋಡಬೇಕಾದ ಒತ್ತಡ ಅದರಲ್ಲಿಲ್ಲ.

ಆ ಒತ್ತಡ ಸ್ವಲ್ಪ ಮಟ್ಟಿಗೆ ಬಂದದ್ದು ಸುಭದ್ರೆಯ ಕಥೆಯಲ್ಲಿ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ 1880ರಲ್ಲಿ ಪುಣೆಯಲ್ಲಿ ಸಂಗೀತ ‘ಶಾಕುಂತಲ’ವನ್ನೂ 1882ರಲ್ಲಿ ‘ಸೌಭದ್ರ’ವನ್ನೂ ಮರಾಠಿಯಲ್ಲಿ ಆಡಿಸಿದ. ಸೌಭದ್ರದಲ್ಲಿ ಅಡ್ಡಿ ಅಸುರನದಲ್ಲ. ಅಣ್ಣ ಬಲರಾಮ ತಂಗಿಯನ್ನು ದುರ್ಯೋಧನನಿಗೆ ಕೊಡುವುದಾಗಿ ಮಾತು ಕೊಟ್ಟಿದ್ದಾನೆ, ತಂಗಿಯ ಮನಸ್ಸು ಅರ್ಜುನನಲ್ಲಿದೆ, ಇನ್ನೊಬ್ಬ ಅಣ್ಣ ಕೃಷ್ಣ ಮೇಲೆ ಏನೂ ತಿಳಿಯದವನಂತಿದ್ದು ಒಳಗೊಳಗೆ ದಾರ ಎಳೆಯುತ್ತಾನೆ. ಅರ್ಜುನ ಸಂನ್ಯಾಸಿಯ ವೇಷ ತೊಡುತ್ತಾನೆ. ಕೊಟ್ಟ ಮಾತು, ಮನೆತನದ ಮಾನ, ತಂಗಿಯ ಮೌನ: ಇವು ಪುರಾಣದ ಬಟ್ಟೆ ತೊಟ್ಟ ಧಾರವಾಡದ ಯಾವುದೇ ವಾಡೆಯ ಮಾತುಗಳು. ಸೌಭದ್ರ ಈ ಸೀಮೆಯ ಸಂಗೀತಗಾರರಿಗೂ ಪಾಠಶಾಲೆಯಾಯಿತು. ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವ (1886–1952) ಎಂದು ಕಿರಾಣಾ ಘರಾಣೆಯ ದೊಡ್ಡ ಹೆಸರಾದವರು, ಮರಾಠಿ ಸಂಗೀತ ನಾಟಕಗಳ ಸ್ತ್ರೀಪಾತ್ರಗಳಿಂದ ಕೀರ್ತಿ ಪಡೆದರು. ಮುಂದೆ ಗಾಯಕನಾಗಿ ಹೆಸರಾದ, ಧಾರವಾಡದ ಹತ್ತಿರದ ಮನಸೂರಿನ ಮಲ್ಲಿಕಾರ್ಜುನ ಎಂಬ ಹುಡುಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲನಟನಾಗಿದ್ದವನು. ಪ್ರೇಮಿಗಳ ವಿರಹ ಈ ನಾಟಕಗಳಲ್ಲಿ ಮಾತಿಗಿಂತ ಹೆಚ್ಚಾಗಿ ರಾಗದಲ್ಲಿ ಹರಿಯುತ್ತಿತ್ತು. ಅಡ್ಡಿ ಎಷ್ಟು ಹೊತ್ತು ನಿಂತರೆ ಅಷ್ಟು ಪದಗಳಿಗೆ ಎಡೆ. ಗಂಡಸೇ ನಾಯಕಿಯಾಗಿದ್ದ ಕಾಲದಲ್ಲಿ ಪ್ರೇಮಿಗಳು ರಂಗದ ಮೇಲೆ ಒಬ್ಬರನ್ನೊಬ್ಬರು ಮುಟ್ಟದೆ, ಎರಡು ಕಡೆ ನಿಂತು ಹಾಡುವ ಕ್ರಮವೂ ಹೀಗೆಯೇ ಗಟ್ಟಿಯಾಯಿತು. ಹೆಣ್ಣುಮಕ್ಕಳು ಪಾತ್ರಕ್ಕೆ ಬಂದ ಮೇಲೂ ಆ ಅಂತರ ಬಹುಕಾಲ ಉಳಿಯಿತು.

ಹಳೆ ಮೈಸೂರಿನಲ್ಲಿ ಇದೇ ಕೆಲಸವನ್ನು ಬಸವಪ್ಪಶಾಸ್ತ್ರಿಗಳ ಶಾಕುಂತಲ ಮತ್ತು ಗುಬ್ಬಿ ಕಂಪನಿಯ ‘ಸದಾರಮೆ’ ಮಾಡಿದವು. ಸದಾರಮೆಯಲ್ಲಿ ಪ್ರೇಮಿಗಳ ಅಗಲಿಕೆಗಿಂತ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರ ಜನರಿಗೆ ಹೆಚ್ಚು ನೆನಪಿದೆ. ಷೇಕ್ಸ್‌ಪಿಯರನ ರೋಮಿಯೋ ಜೂಲಿಯೆಟ್ 1889ರಲ್ಲಿ ಆನಂದರಾಯರ ‘ರಾಮವರ್ಮ ಲೀಲಾವತಿ’ಯಾಗಿ ಕನ್ನಡಕ್ಕೆ ಬಂದಾಗ ಗೋರಿಯಲ್ಲಿ ಮುಗಿಯುವ ಕಥೆ ಇಲ್ಲಿ ಮಂಗಳದಲ್ಲಿ ಮುಗಿಯಿತು. ಪ್ರೇಮಿಗಳು ಸಾಯುವುದನ್ನು ಆ ಕಾಲದ ಕನ್ನಡ ರಂಗ ಒಪ್ಪಲಿಲ್ಲ. ಇದನ್ನು ಅಭಿರುಚಿಯ ಕೊರತೆಯೆಂದು ಬದಿಗೆ ತಳ್ಳುವುದು ಸರಿಯಲ್ಲ. ಕಟ್ಟಿದ ಗಂಟನ್ನು ಬಿಚ್ಚಿಯೇ ಜನರನ್ನು ಮನೆಗೆ ಕಳಿಸಬೇಕೆಂಬ ಹೊಣೆಗಾರಿಕೆ ಅದರಲ್ಲಿತ್ತು.

ಸಣ್ಣಾಟದ ಬೇರೆ ದಾರಿ

ಕಂಪನಿಗಳು ಮದುವೆಯ ಮುಕ್ತಾಯಕ್ಕೆ ಅಂಟಿಕೊಂಡಿದ್ದಾಗ ಅದೇ ಸೀಮೆಯ ಬಯಲಾಟದ ಇನ್ನೊಂದು ಬಗೆಯಾದ ಸಣ್ಣಾಟ ಹೆದರದೆ ಬೇರೆ ಕಡೆ ನಡೆಯಿತು. ಬೈಲಹೊಂಗಲ ಭಾಗದಲ್ಲಿ ನಡೆದ ನಿಜವಾದ ಕೊಲೆಯೊಂದನ್ನು ಆಧರಿಸಿದ ‘ಸಂಗ್ಯಾ ಬಾಳ್ಯಾ’ವನ್ನು ಬೈಲವಾಡದ ಪತ್ತಾರ ಮಾಸ್ತರರು ರಚಿಸಿದರೆಂದು ಹೇಳುತ್ತಾರೆ. ಶ್ರೀಮಂತ ತರುಣ ಸಂಗ್ಯಾ ಈರ್ಯಾನ ಹೆಂಡತಿ ಗಂಗಾಳನ್ನು ಕಂಡು ಮರುಳಾಗುತ್ತಾನೆ. ಪಾರಮ್ಮ ಎಂಬ ಮುದುಕಿ ನಡುವೆ ನಿಂತು ಕೂಡಿಸುತ್ತಾಳೆ. ಈರ್ಯಾ ವ್ಯಾಪಾರಕ್ಕೆ ಹೋದಾಗ ಮನೆ ಬಾಗಿಲು ತೆರೆಯುತ್ತದೆ. ಜೀವದ ಗೆಳೆಯ ಬಾಳ್ಯಾ ಕೊನೆಗೆ ದ್ರೋಹ ಬಗೆಯುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ. ಡಪ್ಪು, ತಾಳ, ಹಿಮ್ಮೇಳದ ದನಿಯಲ್ಲಿ ರಾತ್ರಿಯಿಡೀ ನಡೆಯುವ ಈ ಆಟದಲ್ಲಿ ಯಾವ ಪತ್ರವೂ ಯಾರನ್ನೂ ಉಳಿಸುವುದಿಲ್ಲ. ಅಡ್ಡಿ ಇಲ್ಲಿ ಮದುವೆಯೇ. ಅದು ತೆಗೆಯಲು ಬಾರದ್ದು ಎಂಬುದು ಆಡುವವರಿಗೂ ನೋಡುವವರಿಗೂ ಮೊದಲ ಪದದಿಂದಲೇ ಗೊತ್ತು. ಗೊತ್ತಿದ್ದೂ ಬೆಳತನಕ ಕುಳಿತು ನೋಡುತ್ತಾರೆ.

ಸಂಗ್ಯಾ ಬಾಳ್ಯಾವನ್ನು ಅನೀತಿಯ ಕಥೆಯೆಂದು ಮೂಗು ಮುರಿದವರಿದ್ದಾರೆ. ಆದರೆ ಗಂಗಾ ಮೊದಲು ಒಲ್ಲೆನೆನ್ನುವುದು, ಪಾರಮ್ಮನ ಮಾತಿಗೆ ನಿಧಾನವಾಗಿ ಮಣಿಯುವುದು, ಗೆಳೆತನ ಹಣದೆದುರು ಸೋಲುವುದು, ಇವನ್ನು ಆ ಆಟ ತೂಗಿ ನೋಡಿದಷ್ಟು ಬಿಗಿಯಾಗಿ ಆ ಕಾಲದ ಯಾವ ಪರದೆಯ ನಾಟಕವೂ ನೋಡಲಿಲ್ಲ. ಚಂದ್ರಶೇಖರ ಕಂಬಾರರು ಈ ಆಟವನ್ನು ಸಂಪಾದಿಸಿ ಓದುಗರ ಮುಂದಿಟ್ಟದ್ದು, ಮುಂದೆ ಅದರ ಬಲದ ಮೇಲೆಯೇ ‘ಜೋಕುಮಾರಸ್ವಾಮಿ’ (1972) ಬರೆದದ್ದು ಆಧುನಿಕ ಕನ್ನಡ ನಾಟಕಕ್ಕೆ ದೊಡ್ಡ ಲಾಭ. ಅಲ್ಲಿ ಗೌಡ್ತಿ ಮತ್ತು ಬಸಣ್ಣನ ನಡುವೆ ನಿಂತ ಗೌಡ ಭೂಮಿಗೂ ಒಡೆಯ, ಹೆಂಡತಿಗೂ ಒಡೆಯ. ಉಳುವವನಿಗೆ ಹೊಲ ಯಾಕಿಲ್ಲ ಎಂಬ ಪ್ರಶ್ನೆಯೂ ಪ್ರೇಮದ ಪ್ರಶ್ನೆಯೂ ಒಂದೇ ಬಾಯಿಂದ ಬರುತ್ತವೆ.

ಸಾಹುಕಾರನ ಮಗಳು, ಬಡವರ ಹುಡುಗ

1940ರ ನಂತರ ಪೌರಾಣಿಕದ ಜೊತೆಗೆ ಸಾಮಾಜಿಕ ನಾಟಕಗಳು ಕಂಪನಿಗಳ ಅನ್ನವಾದವು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯಂಥ ಪೌರಾಣಿಕ ನಾಟಕ ಎಂದೂ ಬಿದ್ದುಹೋಗಲಿಲ್ಲ. ಆದರೂ ಗಲ್ಲಾಪೆಟ್ಟಿಗೆ ತುಂಬಿಸಿದ್ದು ಊರ ಗೌಡ, ಸಾಹುಕಾರ, ಬಡ ರೈತ, ಪಟ್ಟಣದಿಂದ ಓದಿ ಬಂದ ತರುಣ ಇವರ ಕಥೆಗಳು. ಏಣಗಿ ಬಾಳಪ್ಪನವರ (1914–2017) ಕಲಾವೈಭವ ನಾಟ್ಯ ಸಂಘ ಈ ಸೀಮೆಯನ್ನು ತಿರುಗಿತು. ಕುಂದಗೋಳ ತಾಲ್ಲೂಕಿನ ಗುಡಗೇರಿಯ ಹೆಸರು ಹೊತ್ತ ಸಂಗಮೇಶ್ವರ ನಾಟ್ಯ ಸಂಘವನ್ನು ಗುಡಗೇರಿ ಬಸವರಾಜ ನಡೆಸಿದರು. ಬಾದಾಮಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ಸಾಲಾಗಿ ಟೆಂಟು ಹಾಕಿ ವಾರಗಟ್ಟಲೆ ಆಡುವ ರೂಢಿ ಇಂದಿಗೂ ಇದೆ.

ಈ ಕಾಲದ ಪ್ರೇಮಿಗಳ ಮಾದರಿಯನ್ನು ಗಟ್ಟಿ ಮಾಡಿದವರಲ್ಲಿ ಹುನಗುಂದ ಸೀಮೆಯ ಸೂಳೇಭಾವಿಯ ಪಿ.ಬಿ. ಧುತ್ತರಗಿ ಮುಖ್ಯರು. ಅವರ ‘ಸಂಪತ್ತಿಗೆ ಸವಾಲ್’ ಹೆಸರಿನಲ್ಲೇ ಅಡ್ಡಿ ಯಾವುದೆಂದು ಸಾರುತ್ತದೆ. ಎಮ್ಮೆ ಕಾಯುವ ಹಳ್ಳಿಯ ಹುಡುಗ, ಸಿರಿವಂತಿಕೆಯ ಸೊಕ್ಕಿನ ಹುಡುಗಿ, ಅವಳ ಬೆನ್ನಿಗಿರುವ ಸಾಹುಕಾರಿ ಮನೆತನ. ಇಲ್ಲಿ ಅಡ್ಡಿ ಹೊರಗಿನಿಂದ ಬಂದದ್ದಷ್ಟೇ ಅಲ್ಲ, ಮೊದಮೊದಲು ನಾಯಕಿಯ ಮನಸ್ಸಿನೊಳಗೇ ಕುಳಿತಿದೆ. ಹುಡುಗ ಆರೋಪ ಹೊತ್ತು ಅವಮಾನ ಉಂಡು, ದುಡಿದು ತಲೆಯೆತ್ತಿ ನಿಲ್ಲುವುದರೊಳಗೆ ಅವಳ ಸೊಕ್ಕು ಕರಗಬೇಕು. 1974ರಲ್ಲಿ ಎ.ವಿ. ಶೇಷಗಿರಿರಾವ್ ಇದನ್ನು ಸಿನಿಮಾ ಮಾಡಿದಾಗ ರಾಜಕುಮಾರ್, ಮಂಜುಳಾ ಆ ಜೋಡಿಯಾದರು, ವಜ್ರಮುನಿ ಸಾಹುಕಾರನಾದರು. ರಾಜಕುಮಾರ್ ಎಮ್ಮೆಯ ಮೇಲೆ ಕುಳಿತು ಹಾಡಿದ ಹಾಡು ಅವರನ್ನು ಗಾಯಕನಾಗಿಯೂ ಮನೆಮನೆಗೆ ಮುಟ್ಟಿಸಿತು. ಸಿನಿಮಾ ಬಂದ ಮೇಲೂ ಮೂಲ ನಾಟಕದ ಪ್ರಯೋಗಗಳು ನಿಲ್ಲಲಿಲ್ಲ. ಬದಲಿಗೆ ಹಳ್ಳಿಯ ಹುಡುಗರು ಆ ಪಾರ್ಟು ತನಗೇ ಬೇಕೆಂದು ಜಗ್ಗಾಡುವಂತಾಯಿತು.

ಇಂಥ ನಾಟಕಗಳ ಕಟ್ಟಡವನ್ನು ರಂಗದ ಯಂತ್ರಗಾರಿಕೆಯೇ ಅರ್ಧ ನಿರ್ಧರಿಸಿತು ಎಂಬುದನ್ನು ವಿಮರ್ಶಕರು ಸಾಕಷ್ಟು ಹೇಳಿಲ್ಲ. ಕಂಪನಿಯ ರಂಗದಲ್ಲಿ ಹಿಂದೆ ದರ್ಬಾರು, ಮನೆ, ಕಾಡಿನ ಆಳವಾದ ದೃಶ್ಯ, ಮುಂದೆ ರಸ್ತೆಯ ಪರದೆ. ಹಿಂದಿನ ಸೀನು ಬದಲಿಸುವಷ್ಟು ಹೊತ್ತು ಮುಂದೆ ಯಾರಾದರೂ ಜನರನ್ನು ಹಿಡಿದಿಡಬೇಕು. ಆ ಹೊಣೆ ಹಾಸ್ಯದ ಜೋಡಿಯ ಮೇಲೆ ಬಿತ್ತು. ಹೀಗಾಗಿ ಗಂಭೀರ ಪ್ರೇಮಿಗಳ ಪಕ್ಕದಲ್ಲೇ ಆಳು ಮತ್ತು ಆಳಿನ ಹುಡುಗಿಯ ಎರಡನೆಯ ಪ್ರೇಮಕಥೆ ಹುಟ್ಟಿತು. ಮೇಲಿನವರಿಗೆ ಮನೆತನದ ಅಡ್ಡಿ, ಕೆಳಗಿನವರಿಗೆ ಅಂಥ ಅಡ್ಡಿಯೇ ಇಲ್ಲ. ಅವರು ರಸ್ತೆಯಲ್ಲೇ ಜಗಳಾಡಿ ರಸ್ತೆಯಲ್ಲೇ ಒಂದಾಗುತ್ತಾರೆ. ನಾಯಕ ನಾಯಕಿ ಆಡಲಾರದ ಮಾತು, ಮಾಡಲಾರದ ಸರಸ ಈ ಜೋಡಿಗೆ ಸಲ್ಲುತ್ತದೆ. ಪತ್ರ ಸಾಗಿಸುವವರೂ ಗುಟ್ಟು ಒಡೆಯುವವರೂ ಬಹಳ ಸಲ ಇವರೇ. ಮೆನಾಂಡರನ ಗುಲಾಮ, ಸಂಸ್ಕೃತದ ವಿದೂಷಕ, ಕಂಪನಿಯ ಹಾಸ್ಯಗಾರ ಮೂವರೂ ಒಂದೇ ಕೆಲಸ ಮಾಡಿದ್ದಾರೆ. ಆದರೆ ಕಂಪನಿಯಲ್ಲಿ ಆ ಕೆಲಸಕ್ಕೆ ಒಂದು ಪರದೆಯ ಅಗತ್ಯವೂ ಕಾರಣವಾಗಿತ್ತು.

ಊರವರೇ ಆಡುವಾಗ

ಮಿಶ್ರಿಕೋಟಿಯಂಥ ಊರುಗಳಲ್ಲಿ ನಾಟಕವೆಂದರೆ ಟೆಂಟಿನ ಕಂಪನಿಗಿಂತ ಹೆಚ್ಚಾಗಿ ಜಾತ್ರೆಗೆ, ಹಬ್ಬಕ್ಕೆ ಊರ ತರುಣರು ಕಲಿತು ಆಡುವ ಒಂದು ರಾತ್ರಿಯ ಆಟ. ಸುಗ್ಗಿ ಮುಗಿದ ಮೇಲೆ ಸಂಜೆ ತಾಲೀಮು ಶುರುವಾಗುತ್ತದೆ. ಕಲಿಸಲು ಒಬ್ಬ ಮಾಸ್ತರ, ಪದಕ್ಕೆ ಪೇಟಿ ಮಾಸ್ತರ, ತಬಲಾದವ. ಹೀರೋ ಪಾರ್ಟು, ಖಳನ ಪಾರ್ಟು ಯಾರಿಗೆಂಬುದು ಧ್ವನಿ, ಮೈಕಟ್ಟು, ವಂತಿಗೆ ಎಲ್ಲವನ್ನೂ ನೋಡಿ ತೀರ್ಮಾನವಾಗುತ್ತದೆ. ಸೀನರಿ, ಲೈಟು, ಮೈಕು ಬಾಡಿಗೆಗೆ ಬರುತ್ತವೆ. ನಾಯಕಿ, ಹಾಸ್ಯದ ಹುಡುಗಿ, ತಾಯಿಯ ಪಾತ್ರಕ್ಕೆ ವೃತ್ತಿ ಕಲಾವಿದೆಯರನ್ನು ಗದಗ, ಹುಬ್ಬಳ್ಳಿ, ಇಳಕಲ್ಲು, ಗುಳೇದಗುಡ್ಡದ ಕಡೆಯಿಂದ ಕರೆಸುತ್ತಾರೆ. ಊರ ನಾಯಕನಿಗೂ ಕಲಾವಿದೆಗೂ ಅದು ಒಂದೇ ರಾತ್ರಿಯ ಭೇಟಿ. ತಿಂಗಳುಗಟ್ಟಲೆ ತಾಲೀಮು ಮಾಡಿದ ಊರ ಹುಡುಗನೂ, ಅದೇ ನಾಟಕವನ್ನು ಹತ್ತಾರು ಊರಲ್ಲಿ ಆಡಿ ಮಾತೆಲ್ಲ ನಾಲಗೆಯ ಮೇಲಿರುವ ಕಲಾವಿದೆಯೂ ಪ್ರೇಮಿಗಳಾಗಿ ಎದುರಾಗುತ್ತಾರೆ. ಹುಡುಗ ಮಾತು ಮರೆತರೆ ಅವಳು ತನ್ನ ಮಾತಿನೊಳಗೇ ಅವನ ಮಾತನ್ನೂ ಸೇರಿಸಿ ಎತ್ತಿಕೊಡುತ್ತಾಳೆ. ಈ ರಂಗಭೂಮಿಯ ನಿಜವಾದ ಪಾಂಡಿತ್ಯ ಇರುವುದು ಈ ಹೆಣ್ಣುಮಕ್ಕಳಲ್ಲಿ. ಅವರಿಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿ ಸಂದಿಲ್ಲ.

ಕರಪತ್ರದಲ್ಲಿ ನಾಟಕಕ್ಕೆ ಎರಡು ಹೆಸರು, ನಡುವೆ ‘ಅರ್ಥಾತ್’. ಮೊದಲನೆಯದು ಬೆಂಕಿಯಂತೆ ಏಳುವ ಹೆಸರು, ಎರಡನೆಯದು ಕಥೆಯ ನೀತಿ. ನಾಟಕದ ನಡುವೆ ಆಯೇರಿ: ಬೀಗರು, ಗೆಳೆಯರು, ಸೋದರಮಾವಂದಿರು ಕೊಟ್ಟ ಉಡುಗೊರೆ, ಹಣವನ್ನು ಮೈಕಿನಲ್ಲಿ ಹೆಸರು ಹಿಡಿದು ಸಾರುತ್ತಾರೆ. ಪ್ರೇಮಿಗಳ ವಿರಹದ ದೃಶ್ಯ ಅಷ್ಟು ಹೊತ್ತು ನಿಲ್ಲುತ್ತದೆ. ಹೊರಗಿನವರಿಗೆ ಇದು ರಸಭಂಗ. ಊರವರಿಗೆ ನಾಟಕವೂ ಒಂದು ಮದುವೆಯ ಮನೆಯೇ ಆದ್ದರಿಂದ ಆಯೇರಿ ಇಲ್ಲದೆ ಅದು ನಡೆದಂತೆ ಅನಿಸುವುದಿಲ್ಲ.

ಕಥೆಯ ಗಂಟು ಬಿಚ್ಚುವ ಬಗೆಯನ್ನು ಇಲ್ಲಿ ನೇರವಾಗಿ ನೋಡಬೇಕು. ಬಡ ನಾಯಕ ಕೊನೆಯ ದೃಶ್ಯದಲ್ಲಿ ಗೌಡರ ಕಳೆದುಹೋದ ಮಗನೆಂದು ತಿಳಿಯುತ್ತದೆ. ಕೊರಳ ತಾಯಿತ, ತೋಳ ಮಚ್ಚೆ, ಸಾಯುವ ಮುಂಚೆ ಮುದುಕಿ ಹೇಳುವ ಗುಟ್ಟು ಅದಕ್ಕೆ ಸಾಕ್ಷಿ. ಗೌಡ ಕಣ್ಣೀರಿಟ್ಟು ತಂಗಿಯ ಮಗಳನ್ನು ಅವನ ಕೈಗೆ ಕೊಡುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಆದರೆ ಅಡ್ಡಿ ಮುರಿದುಬಿತ್ತೇ? ಬಡವನಿಗೆ ಸಿರಿವಂತರ ಹುಡುಗಿ ದಕ್ಕಲಿಲ್ಲ. ಸಿರಿವಂತನಿಗೇ ಸಿರಿವಂತರ ಹುಡುಗಿ ದಕ್ಕಿದಳು, ಅಷ್ಟು ಹೊತ್ತು ಅವನು ಬಡವನೆಂದು ನಾವು ತಿಳಿದಿದ್ದೆವು. ಎರಡೂವರೆ ಗಂಟೆ ನಿಯಮದ ವಿರುದ್ಧ ಕೂಗಿದ ನಾಟಕ ಕೊನೆಯ ಐದು ನಿಮಿಷದಲ್ಲಿ ನಿಯಮಕ್ಕೆ ಕೈಮುಗಿಯುತ್ತದೆ. ಧುತ್ತರಗಿಯವರ ಹೆಚ್ಚಳವಿರುವುದು ಇಲ್ಲೇ. ಅವರ ಹುಡುಗ ಯಾರದೋ ಕಳೆದುಹೋದ ಮಗನಾಗಬೇಕಾಗಿಲ್ಲ, ಎಮ್ಮೆ ಕಾಯ್ದವನಾಗಿಯೇ ಗೆಲ್ಲಬಹುದು.

ಜಾತಿಯ ಮಾತು

ಊರ ನಾಟಕದ ಪ್ರೇಮಿಗಳಿಗೆ ಬಡತನ, ಸಿರಿತನ, ಹಗೆತನ, ಅಪ್ಪನ ಹಟ ಅಡ್ಡ ಬರುತ್ತವೆ. ಜಾತಿ ಅಡ್ಡ ಬರುವುದು ವಿರಳ. ಊರಿನ ಎಲ್ಲ ಓಣಿಯವರೂ ವಂತಿಗೆ ಕೊಟ್ಟು, ಎಲ್ಲರೂ ಒಂದೇ ಬಯಲಲ್ಲಿ ಕುಳಿತು ನೋಡುವ ಆಟದಲ್ಲಿ ಆ ಹೆಸರೆತ್ತುವುದು ಕಷ್ಟ. ಹಣದ ಗೋಡೆಯನ್ನು ಅಲ್ಲಿ ಜಾತಿಯ ಗೋಡೆಯ ಬದಲಿಗೆ ನಿಲ್ಲಿಸಿದ್ದಾರೆ ಎಂದು ಓದಿದರೆ ತಪ್ಪಾಗದು. ಸಾಹುಕಾರನ ಬಾಯಲ್ಲಿ ಬರುವ ನಿನ್ನ ಯೋಗ್ಯತೆ ಏನು, ನಿನ್ನ ಮನೆತನ ಏನು ಎಂಬ ಅಬ್ಬರದ ಮಾತುಗಳನ್ನು ಜನ ಎರಡು ಅರ್ಥದಲ್ಲೂ ಕೇಳಿಸಿಕೊಳ್ಳುತ್ತಾರೆ.

ಆ ಹೆಸರನ್ನು ನೇರವಾಗಿ ಎತ್ತಿದ್ದು ಹವ್ಯಾಸಿ ಮತ್ತು ಆಧುನಿಕ ರಂಗಭೂಮಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ಶ್ರೀರಂಗರು (ಆದ್ಯ ರಂಗಾಚಾರ್ಯ, 1904–1984) 1930ರ ದಶಕದಲ್ಲೇ ‘ಹರಿಜನ್ವಾರ’ ಬರೆದು ಮಡಿವಂತಿಕೆಯ ಮನೆಯೊಳಕ್ಕೆ ಬೆಳಕು ಚೆಲ್ಲಿದರು. ಬರೆಯುವ ಕೈಗೆ ಸುಘಟಿತ ನಾಟಕದ ಬಿಗಿ ಗೊತ್ತಿತ್ತು. ಆದರೆ ಅದರ ಸಮಾಧಾನದ ಮುಕ್ತಾಯ ಅವರಿಗೆ ಬೇಡವಾಗಿತ್ತು. ಇಬ್ಸೆನ್ ‘ಗೊಂಬೆಯ ಮನೆ’ಯಲ್ಲಿ (1879) ಸ್ಕ್ರೀಬನ ಪತ್ರವನ್ನೇ ಎತ್ತಿಕೊಂಡು ಅದು ಗಂಡ ಹೆಂಡಿರನ್ನು ಕೂಡಿಸದೆ ಅಗಲಿಸುವಂತೆ ಮಾಡಿದ್ದನ್ನು ಶ್ರೀರಂಗರ ಪೀಳಿಗೆ ಚೆನ್ನಾಗಿ ಓದಿಕೊಂಡಿತ್ತು.

ಪ್ರೇಮಿಗಳ ನಡುವೆ ಜಾತಿ ಬಂದು ನಿಂತಾಗ ಕನ್ನಡದ ನಾಟಕಕಾರರು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋದರು. ಪಿ. ಲಂಕೇಶರ ‘ಸಂಕ್ರಾಂತಿ’ಯಲ್ಲಿ (1971) ಅಸ್ಪೃಶ್ಯರ ಹುಡುಗ ರುದ್ರ, ಬ್ರಾಹ್ಮಣರ ಹುಡುಗಿ ಉಷಾ. ಬಸವಣ್ಣನ ಮಾತಿಗೆ ಒಲಿದು ಶರಣನಾದ ರುದ್ರ ಮಾಂಸ, ಹೆಂಡ, ಒರಟು ನಡೆ ಎಲ್ಲವನ್ನೂ ಬಿಟ್ಟು ಸಾಧುವಾಗುತ್ತಾನೆ. ಅವಳು ಮೆಚ್ಚಿದ್ದು ಹಳೆಯ ರುದ್ರನನ್ನು. ಗೋಡೆ ಕೆಡವಲು ಹೊರಟ ಚಳವಳಿಯೇ ಇಬ್ಬರ ನಡುವೆ ಹೊಸ ಗೋಡೆಯಾಗುವ ಈ ತಿರುವು ಅಡ್ಡಿಯ ಕಥೆಯಲ್ಲಿ ಕನ್ನಡ ಸೇರಿಸಿದ ಅತಿ ಆಳವಾದ ಪುಟ. ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರ ‘ತಲೆದಂಡ’ದಲ್ಲಿ (1990) ಸಮಗಾರ ಹರಳಯ್ಯನ ಮಗ ಶೀಲವಂತನಿಗೂ ಬ್ರಾಹ್ಮಣ ಮಧುವರಸನ ಮಗಳು ಕಲಾವತಿಗೂ ಮದುವೆ. ಅಲ್ಲಿ ಅಪ್ಪಂದಿರಿಬ್ಬರೂ ಒಪ್ಪಿದ್ದಾರೆ. ಮೆನಾಂಡರನ ಕಾಲದಿಂದ ಅಡ್ಡ ನಿಂತಿದ್ದ ಅಪ್ಪನೇ ಪಕ್ಕಕ್ಕೆ ಸರಿದರೂ ಊರೆಲ್ಲ ಅಡ್ಡ ನಿಲ್ಲುತ್ತದೆ. ಮದುವೆ ಆಟದ ಕೊನೆಗೆ ಬರುವುದಿಲ್ಲ, ನಡುವೆ ಬರುತ್ತದೆ. ಆಮೇಲೆ ಬರುವುದು ರಕ್ತಪಾತ. ಪತ್ರದಿಂದಾಗಲಿ ತಾಯಿತದಿಂದಾಗಲಿ ಬಿಚ್ಚಲಾಗದ ಗಂಟು ಇದು ಎಂದು ಈ ಎರಡು ನಾಟಕಗಳು ಸ್ಪಷ್ಟವಾಗಿ ಹೇಳಿದವು.

ಕಾರ್ನಾಡರೇ ಮುಂದೆ ಬರೆದ ‘ಮದುವೆ ಆಲ್ಬಮ್’ ಧಾರವಾಡದ ಒಂದು ಸಾರಸ್ವತ ಮನೆಯಲ್ಲಿ ನಡೆಯುತ್ತದೆ. ವಿದುಲಾ ಎಂಬ ಹುಡುಗಿ ಅಮೆರಿಕದಲ್ಲಿರುವ ವರನನ್ನು ನೋಡುವ ಮೊದಲೇ ಒಪ್ಪಿದ್ದಾಳೆ. ಸೈಬರ್ ಕೆಫೆಯ ಗೂಡಿನಲ್ಲಿ ಅವಳ ಇನ್ನೊಂದು ಬದುಕಿದೆ. ಯಾರೂ ಯಾರಿಗೂ ಅಡ್ಡಿ ಮಾಡುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಆಸೆಯನ್ನು ತಾವೇ ಮುಚ್ಚಿಟ್ಟುಕೊಳ್ಳುತ್ತಾರೆ.

ಹಳ್ಳಿಯ ನಾಟಕ ಮಾತ್ರ ಈ ದಾರಿಗೆ ಬಂದಿಲ್ಲ. ಟಿವಿ ಧಾರಾವಾಹಿ, ಮೊಬೈಲು ಬಂದ ಮೇಲೆ ಹಲವು ಕಂಪನಿಗಳು ಮುಚ್ಚಿದವು. ಉಳಿದವು ದ್ವಂದ್ವಾರ್ಥದ ಹಾಸ್ಯಕ್ಕೆ ಹೆಚ್ಚು ಹೊತ್ತು ಕೊಡತೊಡಗಿದವು, ಪ್ರೇಮಿಗಳ ಕಥೆ ಅದರ ನಡುವೆ ತೆಳುವಾಯಿತು. ಊರವರು ಆಡುವ ನಾಟಕ ಉಳಿದಿದೆ. ಗದಗ, ಹುಬ್ಬಳ್ಳಿಗಳ ಮುದ್ರಣಾಲಯಗಳಲ್ಲಿ ಅಚ್ಚಾದ ಸಣ್ಣ ನಾಟಕ ಪುಸ್ತಕಗಳು ಇಂದಿಗೂ ಹಳ್ಳಿಯ ಕೈಗಳಲ್ಲಿವೆ. ಈ ಪುಸ್ತಕಗಳನ್ನು ಹಸ್ತಪ್ರತಿಗಳಷ್ಟೇ ಕಾಳಜಿಯಿಂದ ವಿಶ್ವವಿದ್ಯಾಲಯಗಳು ಸಂಗ್ರಹಿಸಬೇಕು. ತಾಲೀಮಿನ ಮಾಸ್ತರರು ಅಂಚಿನಲ್ಲಿ ಬರೆದುಕೊಂಡ ತಿದ್ದುಪಡಿಗಳು, ಬಿಟ್ಟುಬಿಟ್ಟ ದೃಶ್ಯಗಳು, ಊರಿಗೊಂದರಂತೆ ಬದಲಿಸಿದ ಮುಕ್ತಾಯಗಳು ಯಾವ ಅಚ್ಚಿನ ಪ್ರತಿಯಲ್ಲೂ ಸಿಗುವುದಿಲ್ಲ.